ಆಟೋ ಗಾಜಿನ ಮೇಲಿನ ಶಂಕ್ರಣ್ಣ

ಜೋಗಿಮಟ್ಟಿಗೆ ಆಟೋದಲ್ಲಿ ಹೋಗಬೇಕೆಂದು ನಾನೇನೂ ಅಂದುಕೊಂಡಿರಲಿಲ್ಲ. ಕರೆದೊಯ್ಯುತ್ತೇನೆಂದಿದ್ದ ಗೆಳೆಯನ ಕಾರು ಬೆಳಿಗ್ಗೆಯೇ ಕೈಕೊಟ್ಟಿತ್ತು. ಆಷಾಢದ ಗಾಳಿ ಚಿತ್ರದುರ್ಗದ ಬೀದಿಯಲ್ಲೇ ಛತ್ರಿಗಳನ್ನು ಮಗುಚಿ ಹಾಕುತ್ತಿತ್ತು. ಬಸ್ ನಿಲ್ದಾಣದ ಹೊರಗೆ ಕೇಳಿದರೆ ಮೂವರು ಆಟೋದವರು ಒಂದೇ ಮಾತು ಹೇಳಿದರು: "ಮಟ್ಟಿ ಏರಲ್ಲ ಸಾರ್, ಇಂಜಿನ್ ಕಾದು ಹೋಗುತ್ತೆ." ನಾಲ್ಕನೆಯವನಿಗೆ ಇಪ್ಪತ್ತೈದು ವರ್ಷ ಇರಬಹುದು. ಚೌಕಾಸಿಗೂ ನಿಲ್ಲದೆ, "ಕೂತ್ಕಳ್ಳಿ ಸಾರ್, ಶಂಕ್ರಣ್ಣ ಅವ್ನೆ, ಏರಿಸ್ತಾನೆ" ಎಂದು ಮುಂದಿನ ಗಾಜಿನ ಕಡೆ ಕೈ ತೋರಿಸಿದ.

ಗಾಜಿನ ಮೇಲ್ಭಾಗದಲ್ಲಿ ಹಳದಿ ಅಕ್ಷರದಲ್ಲಿ 'ಆಟೋರಾಜ'. ಅದರ ಪಕ್ಕ ಖಾಕಿ ಅಂಗಿಯ ಶಂಕರ್‌ನಾಗ್, ಸ್ವಲ್ಪ ಬಾಡಿದ ಬಣ್ಣದಲ್ಲಿ. ಹಿಂದಿನ ರೆಕ್ಸಿನ್ ಹೊದಿಕೆಯ ಮೇಲೆ ಪೊಲೀಸ್ ಟೋಪಿಯ ಸಾಂಗ್ಲಿಯಾನ. ಮೀಟರಿನ ಬದಿಗೆ ಒಣಗಿದ ಸೇವಂತಿಗೆ ಸಿಕ್ಕಿಸಿದ್ದು ಕೂಡ ಒಂದು ಪುಟ್ಟ ಶಂಕರ್‌ನಾಗ್ ಫೋಟೋಕ್ಕೆ. ಕರ್ನಾಟಕದ ಯಾವ ಊರಿನ ಆಟೋ ನಿಲ್ದಾಣದಲ್ಲಿ ನಿಂತರೂ ಕಾಣುವ ನೋಟ ಇದು, ಹೊಸತೇನೂ ಅಲ್ಲ.

ಆಡುಮಲ್ಲೇಶ್ವರದ ಕಿರು ಮೃಗಾಲಯ ದಾಟಿ, ಅರಣ್ಯ ಇಲಾಖೆಯ ಗೇಟಿನಲ್ಲಿ ಚೀಟಿ ಬರೆಸಿ, ಏರು ಶುರುವಾಯಿತು. ದುರ್ಗವೆಂದರೆ ಬಂಡೆ, ಬಿಸಿಲು ಎಂದುಕೊಂಡವರು ಮಳೆಗಾಲದಲ್ಲಿ ಒಮ್ಮೆ ಈ ದಾರಿಗೆ ಬರಬೇಕು. ಕೆಳಗೆ ಕುರುಚಲು, ಮೇಲೆ ಹೋದಂತೆ ಹುಲ್ಲು, ತಿರುವು ತಿರುವಿಗೂ ದಟ್ಟವಾಗುವ ಮಂಜು. ಗುಡ್ಡದ ಬೆನ್ನಿನುದ್ದಕ್ಕೂ ಊರಿನವರು 'ಫ್ಯಾನು' ಎನ್ನುವ ಗಾಳಿಯಂತ್ರಗಳು. ಮೊದಲ ಗೇರಿನಲ್ಲಿ ಮುಕ್ಕರಿಯುತ್ತಿದ್ದ ಆಟೋ ಅರ್ಧ ದಾರಿಯಲ್ಲಿ ಸುಮ್ಮನಾಯಿತು. "ಐದು ನಿಮಿಷ ಆರ್ಲಿ ಸಾರ್" ಎಂದು ಹುಡುಗ ಇಳಿದ. ಚಕ್ರಕ್ಕೆ ಕಲ್ಲು ಕೊಟ್ಟ.

ಆಗ ಅವನ ಮೊಬೈಲು ಬಡಿದುಕೊಂಡಿತು. ಎಲ್. ವೈದ್ಯನಾಥನ್ ಅವರ ರಾಗ, 'ಮಾಲ್ಗುಡಿ ಡೇಸ್' ಧಾರಾವಾಹಿಯದು. ನಮ್ಮ ಪೀಳಿಗೆಯವರಿಗೆ ಅದು ಕಿವಿಗೆ ಬಿದ್ದರೆ ಸಾಕು, ಮನೆಯ ಕಪ್ಪು-ಬಿಳುಪು ಟೀವಿಯೂ ಆರ್.ಕೆ. ಲಕ್ಷ್ಮಣ್ ಗೀಚಿದ ಮನೆ-ಮನುಷ್ಯರೂ ಕಣ್ಣಮುಂದೆ ಬರುತ್ತಾರೆ. ಅವನು ಮಾತು ಮುಗಿಸಲಿ ಎಂದು ಕಾದು ಕೇಳಿದೆ.

"ಈ ಮ್ಯೂಸಿಕ್ ಯಾವುದು ಗೊತ್ತೇನಪ್ಪಾ?"

"ಮಾಲ್ಗುಡಿ ಡೇಸ್ ಅಲ್ವಾ ಸಾರ್. ಅಕ್ಕನ ಮಗಳು ಹಾಕ್ಕೊಟ್ಟಳು. ಕೇಳಿದ್ರೆ ಮನಸ್ಸು ತಣ್ಣಗಾಗುತ್ತೆ."

"ಆ ಸೀರಿಯಲ್ ಮಾಡಿದ್ದು ಯಾರು?"

"ಯಾರು ಸಾರ್?"

ನಾನು ಗಾಜಿನ ಕಡೆ ಬೆರಳು ತೋರಿಸಿದೆ. ಅವನು ಫೋಟೋ ನೋಡಿದ, ನನ್ನ ನೋಡಿದ, ಮತ್ತೆ ಫೋಟೋ ನೋಡಿದ. "ನಮ್ ಶಂಕ್ರಣ್ಣನಾ?" ಎಂದ. ಆಮೇಲೆ ಏನೂ ಮಾತಾಡದೆ ಅಂಗಿಯ ತುದಿಯಿಂದ ಆ ಫೋಟೋದ ಮೇಲಿನ ಮಂಜಿನ ಹನಿ ಒರೆಸಿದ. ಆ ಒಂದು ಕ್ಷಣಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ಏಕೆಂದರೆ ಆಗಷ್ಟೇ ನನಗೂ ಒಂದು ವಿಷಯ ಹೊಳೆದಿತ್ತು. ಆ ಆಟೋದ ಮೇಲಿದ್ದ ಚಿತ್ರಗಳಲ್ಲಿ ಒಂದನ್ನೂ ಶಂಕರ್‌ನಾಗ್ ನಿರ್ದೇಶಿಸಿಲ್ಲ. 1980ರ 'ಆಟೋರಾಜ' ವಿಜಯ್ ಅವರದು. 1988ರ 'ಸಾಂಗ್ಲಿಯಾನ' ಪಿ. ನಂಜುಂಡಪ್ಪ ಅವರದು. ನಿರ್ದೇಶಕ ಶಂಕರ್‌ನಾಗ್ ಆ ಆಟೋದಲ್ಲಿ ಇದ್ದದ್ದು ಒಂದೇ ಕಡೆ: ಹುಡುಗನ ಜೇಬಿನ ಫೋನಿನಲ್ಲಿ, ಹೆಸರಿಲ್ಲದೆ. ನಾವು ನಟನನ್ನು ಗಾಜಿಗೆ ಅಂಟಿಸಿಕೊಂಡು ನಿರ್ದೇಶಕನನ್ನು ಮರೆತಿದ್ದೇವೆ.

ಅವರ ಬದುಕಿನ ವಿವರ ಓದುಗರಿಗೆ ಗೊತ್ತಿರುವುದೇ. ಹೊನ್ನಾವರದ ಹತ್ತಿರದ ಮಲ್ಲಾಪುರದಲ್ಲಿ 1954ರ ನವೆಂಬರ್ 9ರಂದು ಹುಟ್ಟು. ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿದ್ದು. 1978ರಲ್ಲಿ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರದ ಗಂಡುಗಲಿಯಾಗಿ ಕನ್ನಡಕ್ಕೆ ಬಂದದ್ದು, ಅದಕ್ಕೆ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನ ಬೆಳ್ಳಿ ನವಿಲು. ಮೊದಲ ಚಿತ್ರಕ್ಕೇ ಅಂಥ ಗೌರವ ಸಿಕ್ಕ ಬೇರೆ ಯಾರೇ ಆಗಿದ್ದರೂ ನಾಯಕನಾಗಿಯೇ ಆರಾಮಾಗಿ ಇದ್ದುಬಿಡುತ್ತಿದ್ದರು. ಇವರು ಎರಡೇ ವರ್ಷದಲ್ಲಿ ಕ್ಯಾಮೆರಾದ ಹಿಂದೆ ಹೋಗಿ ನಿಂತರು. ಕಾರು ಕಳ್ಳರ ಕಥೆಯಾದ 'ಮಿಂಚಿನ ಓಟ'ದಲ್ಲಿ ಅಣ್ಣ ಅನಂತ್‌ನಾಗ್, ಲೋಕನಾಥ್, ರಮೇಶ್ ಭಟ್ ಜೊತೆಗಿದ್ದರು. ಅದೇ ವರ್ಷ 'ಜನ್ಮ ಜನ್ಮದ ಅನುಬಂಧ', ಮರುವರ್ಷ 'ಗೀತಾ'. ನಡುನಡುವೆ ವರ್ಷಕ್ಕೆ ಆರೇಳು ಚಿತ್ರಗಳಲ್ಲಿ ಬಣ್ಣ ಹಚ್ಚುತ್ತಲೇ 'ಸಂಕೇತ್' ತಂಡದ ನಾಟಕ, ಬೆಂಗಳೂರಿನಲ್ಲಿ ಸ್ವಂತ ಧ್ವನಿಮುದ್ರಣ ಸ್ಟುಡಿಯೊ. ಹಾಡು, ಡಬ್ಬಿಂಗ್ ಎಲ್ಲಕ್ಕೂ ಮದ್ರಾಸಿಗೆ ಓಡುತ್ತಿದ್ದ ಕಾಲ ಅದು. ಆ ಓಟ ತಪ್ಪಿಸಿದ್ದು ಸಣ್ಣ ಕೆಲಸವಲ್ಲ.

ಶಂಕರ್‌ನಾಗ್ ಎಂದರೆ ವೇಗ ಎಂದು ಎಲ್ಲರೂ ಬರೆಯುತ್ತಾರೆ. ಮೆಟ್ರೊ ರೈಲಿನ ಕನಸು, ನಂದಿಬೆಟ್ಟಕ್ಕೆ ರೋಪ್‌ವೇ, ನಿದ್ದೆಯಿಲ್ಲದ ರಾತ್ರಿಗಳು. ಆ ಕಥೆಗಳು ಎಷ್ಟು ಬೆಳೆದಿವೆಯೆಂದರೆ ಅವುಗಳ ನೆರಳಿನಲ್ಲಿ ಸಿನಿಮಾಗಳೇ ಕಾಣದಂತಾಗಿವೆ. ಬದುಕಿನಲ್ಲಿ ವೇಗ ಇದ್ದದ್ದು ನಿಜ. ಆದರೆ ಅವರ ನಿರ್ದೇಶನದಲ್ಲಿ ನನಗೆ ಕಾಣುವುದು ತಾಳ್ಮೆ. ಇದಕ್ಕೆ ಒಂದೇ ಒಂದು ಸಾಕ್ಷಿ ಕೊಡುತ್ತೇನೆ. ಅದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು.

ದುರ್ಗದವರಿಗೆ ಸಿನಿಮಾ ಎಂದರೆ 1972ರ 'ನಾಗರಹಾವು'. ಪುಟ್ಟಣ್ಣ ಕಣಗಾಲರು ತ.ರಾ.ಸು. ಕಾದಂಬರಿ ಹಿಡಿದು ಬಂದು ಈ ಕೋಟೆಯ ಬಂಡೆಗಳ ಮೇಲೆ ರಾಮಾಚಾರಿಯನ್ನು ನಿಲ್ಲಿಸಿದರು. ವಿಷ್ಣುವರ್ಧನ್ ಎಂಬ ನಾಯಕ ಹುಟ್ಟಿದ್ದು ಇಲ್ಲೇ. ಎದೆ ಸೆಟೆಸಿ, ಕಣ್ಣು ಕೆಂಪಗೆ ಮಾಡಿಕೊಂಡು, ಯಾರ ಮಾತಿಗೂ ಬಗ್ಗದ ಹುಡುಗ. ಇವತ್ತಿಗೂ ಕೋಟೆ ನೋಡಲು ಬಂದವರಿಗೆ ಗೈಡುಗಳು ರಾಮಾಚಾರಿಯ ಜಾಗ ತೋರಿಸದೆ ಬಿಡುವುದಿಲ್ಲ. ಅದಾಗಿ ಹದಿನಾಲ್ಕು ವರ್ಷಕ್ಕೆ ಅದೇ ವಿಷ್ಣುವರ್ಧನ್ ಕೈಗೆ ಶಂಕರ್‌ನಾಗ್ ಒಂದು ಕಚೇರಿಯ ಕಡತ ಕೊಟ್ಟು, ಬೆನ್ನು ಬಗ್ಗಿಸಿ ಕೂರಿಸಿದರು. 'ಮಾಲ್ಗುಡಿ ಡೇಸ್'ನ ಆ ಕಂತು ಆರ್.ಕೆ. ನಾರಾಯಣರ ತಿಂಗಳಿಗೆ ನಲವತ್ತೈದು ರೂಪಾಯಿಯ ಕಥೆ.

ಕಥೆ ಇಷ್ಟೇ. ಗುಮಾಸ್ತ ವೆಂಕಟರಾವ್ ಮಗಳಿಗೆ ಸಂಜೆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿರುತ್ತಾನೆ. ಮಗು ಶಾಲೆಯಿಂದ ಬಂದು, ಜಡೆ ಹಾಕಿಸಿಕೊಂಡು, ಒಳ್ಳೆಯ ಲಂಗ ಉಟ್ಟು ಬಾಗಿಲಲ್ಲಿ ಕಾಯುತ್ತದೆ. ಕಚೇರಿಯಲ್ಲಿ ಸಾಹೇಬ ಬಿಡುವುದಿಲ್ಲ. ನಲವತ್ತು ರೂಪಾಯಿಗೆ ನನ್ನನ್ನೇ ಮಾರಿಕೊಂಡೆನೇ ಎಂದು ಕುದಿದು ಗುಮಾಸ್ತ ರಾಜೀನಾಮೆ ಬರೆಯುತ್ತಾನೆ. ಕೊಡುವಷ್ಟರಲ್ಲಿ ಸಂಬಳ ಐದು ರೂಪಾಯಿ ಹೆಚ್ಚಾಗಿರುವ ಸುದ್ದಿ ಸಿಗುತ್ತದೆ. ಕಾಗದ ಮತ್ತೆ ಜೇಬಿಗೆ. ಮನೆಗೆ ಬಂದರೆ ಮಗಳು ಊಟವನ್ನೂ ಮಾಡದೆ, ಬಟ್ಟೆಯನ್ನೂ ಬಿಚ್ಚಗೊಡದೆ ನಿದ್ದೆಹೋಗಿದ್ದಾಳೆ.

ಬೇರೊಬ್ಬ ನಿರ್ದೇಶಕ ಆಗಿದ್ದರೆ, ವಿಷ್ಣುವರ್ಧನ್ ಅಂಥ ನಟ ಕೈಯಲ್ಲಿದ್ದಾಗ, ಆ ರಾಜೀನಾಮೆಯ ಗಳಿಗೆಯಲ್ಲಿ ರಾಮಾಚಾರಿಯನ್ನು ಹೊರಗೆ ಬಿಡುತ್ತಿದ್ದರು. ಮೇಜು ಗುದ್ದಿಸುತ್ತಿದ್ದರು, ಎರಡು ಪುಟ ಮಾತು ಆಡಿಸುತ್ತಿದ್ದರು. ಜನ ಚಪ್ಪಾಳೆಯನ್ನೂ ಹೊಡೆಯುತ್ತಿದ್ದರು. ಇಲ್ಲಿ ಸಿಟ್ಟು ಗುಮಾಸ್ತನ ಗಂಟಲಲ್ಲೇ ಉಳಿಯುತ್ತದೆ. ಆ ಕಂತನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕಾಯುತ್ತೇನೆ, ಈ ಸಲವಾದರೂ ಅವನು ಹೊತ್ತಿಗೆ ಮನೆ ಮುಟ್ಟಲಿ ಎಂದು. ನಟನ ದೊಡ್ಡತನವನ್ನು ಅಷ್ಟು ಸಣ್ಣ ಮನುಷ್ಯನೊಳಗೆ ಅಡಗಿಸಿ ತೋರಿಸಲು ನಟನೇ ನಿರ್ದೇಶಕನಾಗಿರಬೇಕು. ಯಾವ ಗಳಿಗೆಯಲ್ಲಿ ನಟನಿಗೆ ಅತಿ ಮಾಡುವ ಆಸೆ ಹುಟ್ಟುತ್ತದೆ ಎಂಬುದು ಆ ಆಸೆ ಪಟ್ಟವನಿಗೇ ಗೊತ್ತು. ಅದೇ ಧಾರಾವಾಹಿಯಲ್ಲಿ ಕಾರ್ನಾಡರನ್ನು ಸ್ವಾಮಿ ಎಂಬ ಹುಡುಗನ ಗದರುವ ಅಪ್ಪನನ್ನಾಗಿ ಮಾಡಿದ್ದೂ, ಮಾಸ್ಟರ್ ಮಂಜುನಾಥ್ ಎಂಬ ಹುಡುಗನಿಂದ ನಟನೆಯೇ ಅಲ್ಲವೆಂಬಂತೆ ನಟನೆ ತೆಗೆದದ್ದೂ ಅದೇ ಕೈ. ಇಂಗ್ಲಿಷಿನ ಕಥೆ, ಹಿಂದಿಯ ಮಾತು, ಆಗುಂಬೆಯ ಮಳೆ, ಅರಸಾಳಿನ ರೈಲು ನಿಲ್ದಾಣ. ಇವಿಷ್ಟನ್ನೂ ಸೇರಿಸಿದರೆ ಕಲಸುಮೇಲೋಗರ ಆಗಬೇಕಿತ್ತು. ಆಗಿದ್ದು ಇಡೀ ದೇಶ ನಂಬಿದ ಒಂದು ಊರು.

ಅವರು ಮಾಡಿದ್ದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಸ್ಟೈನ್‌ಬೆಕ್ ಕಾದಂಬರಿ ಆಧರಿಸಿ ಡಾ. ರಾಜ್‌ಕುಮಾರ್ ಅವರೊಂದಿಗೆ ಮಾಡಿದ 1987ರ 'ಒಂದು ಮುತ್ತಿನ ಕಥೆ' ನನಗೆ ಪೂರ್ತಿ ಒಗ್ಗಲಿಲ್ಲ. ನೀರಿನೊಳಗಿನ ಚಿತ್ರೀಕರಣದ ಸಾಹಸಕ್ಕೆ ಕೊಟ್ಟ ಗಮನ ಆ ಮುತ್ತು ಸಿಕ್ಕವನ ಸಂಸಾರಕ್ಕೆ ಸಿಗಲಿಲ್ಲ ಎನಿಸುತ್ತದೆ. ಆದರೆ 1985ರ 'ಆಕ್ಸಿಡೆಂಟ್' ಬಗ್ಗೆ ನನಗೆ ಅನುಮಾನವೇ ಇಲ್ಲ. ಕುಡಿದು, ಅಮಲಿನಲ್ಲಿ ಕಾರು ಓಡಿಸುವ ಸಿರಿವಂತ ಹುಡುಗ. ಪಾದಚಾರಿ ಹಾದಿಯಲ್ಲಿ ಮಲಗಿದ್ದ ಬಡವರ ಸಾವು. ಮಗನನ್ನು ಉಳಿಸಲು ಹೊರಟ ರಾಜಕಾರಣಿ ಅಪ್ಪನಾಗಿ ಅನಂತ್‌ನಾಗ್. ಆ ಕಾಲದ ಕನ್ನಡ ಚಿತ್ರಕ್ಕೆ ಹಾಡಿಲ್ಲದಿದ್ದರೆ ಹಂಚಿಕೆದಾರ ಬಾಗಿಲು ತೆರೆಯುತ್ತಿರಲಿಲ್ಲ. ಇಳಯರಾಜ ಅವರನ್ನೇ ಕೈಯಲ್ಲಿಟ್ಟುಕೊಂಡು ಶಂಕರ್‌ನಾಗ್ ಒಂದು ಹಾಡನ್ನೂ ಹಾಕಲಿಲ್ಲ, ಹಿನ್ನೆಲೆ ಸಂಗೀತ ಮಾತ್ರ. ಸಾಮಾಜಿಕ ಸಮಸ್ಯೆ ಕುರಿತ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ನಗರದ ರಸ್ತೆಬದಿಯಲ್ಲಿ ಮಲಗಿದವರ ಮೇಲೆ ದುಬಾರಿ ಕಾರು ಹರಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನನಗೆ ಆ ಚಿತ್ರ ನೆನಪಾಗುತ್ತದೆ. ಹಳತಾಗಲೇ ಇಲ್ಲ ಅದು.

ಇಂಜಿನ್ ಆರಿತು. ಉಳಿದ ಏರನ್ನು ಆಟೋ ನಿಧಾನಕ್ಕೆ ಹತ್ತಿತು. ಮಟ್ಟಿಯ ತುದಿಯಲ್ಲಿ ಮಂಜು ಸರಿಯುವುದಕ್ಕೆ ಅರ್ಧ ಗಂಟೆ ಕಾದೆವು. ಸರಿದಾಗ ಒಂದು ಕಡೆ ದುರ್ಗದ ಊರು, ಕೋಟೆಯ ಬಂಡೆಗಳು. ಅದರಾಚೆ ಹೆದ್ದಾರಿಯಲ್ಲಿ ಇರುವೆ ಸಾಲಿನಂತೆ ಲಾರಿಗಳು. ಈಗ ಅದನ್ನು 48 ಎನ್ನುತ್ತಾರೆ, ನಮಗೆ ಅದು ಪೂನಾ-ಬೆಂಗಳೂರು ರಸ್ತೆ, ನಾಲ್ಕನೇ ನಂಬರಿನ ಹೆದ್ದಾರಿ. ಅದೇ ರಸ್ತೆಯಲ್ಲಿ ದಾವಣಗೆರೆಗೆ ಸ್ವಲ್ಪ ಮೊದಲು ಆನಗೋಡು ಸಿಗುತ್ತದೆ.

1990ರ ಸೆಪ್ಟೆಂಬರ್ 30, ಭಾನುವಾರ ಬೆಳಗಿನ ಜಾವ. 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆಂದು ಹೆಂಡತಿ ಅರುಂಧತಿ, ಪುಟ್ಟ ಮಗಳ ಜೊತೆ ಲೋಕಾಪುರಕ್ಕೆ ಹೊರಟಿದ್ದ ಶಂಕರ್‌ನಾಗ್ ಆನಗೋಡಿನ ಬಳಿ ಲಾರಿ ಅಪಘಾತದಲ್ಲಿ ತೀರಿಕೊಂಡರು. ಮೂವತ್ತಾರು ಕೂಡ ತುಂಬಿರಲಿಲ್ಲ. 'ಆಕ್ಸಿಡೆಂಟ್' ಮಾಡಿದವನು ಆಕ್ಸಿಡೆಂಟಿನಲ್ಲೇ ಹೋದ ಎಂದು ವಿಧಿಯ ಮಾತು ಎತ್ತಿ ಬರೆದವರಿದ್ದಾರೆ. ಆ ಬರಹ ನನಗೆ ಹಿಡಿಸುವುದಿಲ್ಲ. ಆಗ ಅದು ಎದುರುಬದುರು ಲಾರಿಗಳು ಬರುತ್ತಿದ್ದ ಎರಡು ಸಾಲಿನ ರಸ್ತೆ, ನಡುವೆ ವಿಭಜಕವಿರಲಿಲ್ಲ. ಅಂಥ ರಸ್ತೆಯಲ್ಲಿ ನಸುಕಿನ ಪ್ರಯಾಣ ಎಷ್ಟೋ ಜನರನ್ನು ಹೀಗೆಯೇ ತಿಂದಿದೆ.

"ಆನಗೋಡು ದಾವಣಗೆರೆ ಜಿಲ್ಲೆ ಅಲ್ವಾ ಸಾರ್?" ಎಂದ ಹುಡುಗ. ಈಗ ಹೌದು. ಆದರೆ ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅಂದು ಆನಗೋಡು ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಇದನ್ನು ಹೇಳಿದಾಗ ಅವನು ತುಂಬ ಹೊತ್ತು ಆ ಕಡೆಯೇ ನೋಡಿದ. ಮೇಲೆ ಫ್ಯಾನಿನ ರೆಕ್ಕೆ ಗಾಳಿ ಸೀಳುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ನಮ್ಮ ಜಿಲ್ಲೇಲೇ ಹೋದ್ರಾ" ಎಂದ ಕೊನೆಗೆ.

ಇಳಿಯುವಾಗ ಕೇಳಿದ, ಶಂಕ್ರಣ್ಣ ತಾನೇ ಮಾಡಿದ ಪಿಚ್ಚರ್ ಯಾವುದು ಮೊದಲು ನೋಡಲಿ ಅಂತ. 'ಮಿಂಚಿನ ಓಟ', 'ಆಕ್ಸಿಡೆಂಟ್' ಎರಡೂ ಹೆಸರು ಹೇಳಿದೆ. ಒಂದು ಕೈ ಹ್ಯಾಂಡಲಿನ ಮೇಲಿಟ್ಟುಕೊಂಡು ಬಾಯಲ್ಲಿ ಎರಡು ಸಲ ಹೇಳಿಕೊಂಡ, ಮರೆಯಬಾರದೆಂದು. ನಿಲ್ದಾಣದಲ್ಲಿ ಬಾಡಿಗೆ ಕೊಡುವಾಗ ಒಪ್ಪಿದ್ದಕ್ಕಿಂತ ಐವತ್ತು ರೂಪಾಯಿ ಹೆಚ್ಚು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಬೆಂಗಳೂರಿನ ಜೆ.ಪಿ. ನಗರದಲ್ಲಿ ಅರುಂಧತಿ ನಾಗ್ 2004ರಲ್ಲಿ ಬಾಗಿಲು ತೆರೆದ 'ರಂಗಶಂಕರ' ಶಂಕರ್‌ನಾಗ್ ಹೆಸರನ್ನು ನಾಟಕಕ್ಕೆ ಉಳಿಸಿದೆ. ಅರಸಾಳಿನ ನಿಲ್ದಾಣದಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಇದೆ. ಆಟೋದವರು ಪ್ರತಿದಿನ ಹೂವು ಮುಡಿಸುತ್ತಾರೆ. ಚಿತ್ರಗಳನ್ನು ನೋಡುವ ಕೆಲಸ ನಮ್ಮದು. ಈ ಭಾನುವಾರ ಮನೆಯ ಮಕ್ಕಳನ್ನು ಕೂರಿಸಿಕೊಂಡು ನಲವತ್ತೈದು ರೂಪಾಯಿಯ ಆ ಕಂತು ನೋಡಿ. ಮುಗಿದ ಕೂಡಲೇ ಎದ್ದು ಹೋಗಬೇಡಿ. ನಿರ್ದೇಶಕರ ಹೆಸರನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ.