ಅತ್ತೆಯ ಮೂರು ಹಳದಿ ಮಣಿ, ನನ್ನ ಸ್ಯಾನಿಟೈಸರ್: ಅಂಬರ್ ಸರ ತೊಳೆಯೋದು, ಎತ್ತಿಡೋದು ಹೇಗೆ?

  ಇವತ್ತು ನಾನು ಮಾಡಿದ ಒಂದು ತಪ್ಪಿಂದಲೇ ಶುರು ಮಾಡ್ತೀನಿ.

2020ರ ಲಾಕ್‌ಡೌನ್. ಶಿರಂಗಾಲದ ಮನೆಗೆ ಬಂದು ಕೂತಿದ್ದೆ. ಕಂಡಿದ್ದಕ್ಕೆಲ್ಲ ಸ್ಯಾನಿಟೈಸರ್ ಹಾಕೋ ಕಾಲ ಅದು. ನಮ್ಮ ಸೋದರತ್ತೆಯ ಪೆಟ್ಟಿಗೆಯಲ್ಲಿ ಮೂರು ದಪ್ಪ ಹಳದಿ ಮಣಿ ಇದ್ದವು. ಬೈಲಕುಪ್ಪೆಯ ಟಿಬೆಟನ್ ಗೆಳತಿಯೊಬ್ಬರು ಕೊಟ್ಟಿದ್ದು. ಮುಸುಕಿನ ಜೋಳದ ಹೊಲದಲ್ಲಿ ಇಬ್ಬರೂ ವರ್ಷಗಟ್ಟಲೆ ಒಟ್ಟಿಗೆ ದುಡಿದವರು. ಮಗನ ಜೊತೆ ವಿದೇಶಕ್ಕೆ ಹೊರಟಾಗ ಆಕೆ ತನ್ನ ಕೊರಳ ಸರದಿಂದಲೇ ಬಿಚ್ಚಿ ಕೊಟ್ಟಿದ್ದರಂತೆ. ನಾನು ದೊಡ್ಡ ಉಪಕಾರ ಮಾಡೋನ ಥರ ಮೂರನ್ನೂ ಬಟ್ಟಲಲ್ಲಿ ಸ್ಯಾನಿಟೈಸರ್ ಹಾಕಿ ನೆನೆಸಿಟ್ಟೆ. ಎರಡು ಮಂಕಾದವು. ಮೂರನೆಯದು ಹಲಸಿನ ಮೇಣದ ಹಾಗೆ ಬೆರಳಿಗೆ ಅಂಟಿತು, ಒರೆಸಿದ ಬಟ್ಟೆಯ ಎಳೆ ಅದರ ಮೇಲೆ ಅಚ್ಚೊತ್ತಿತು. ಅತ್ತೆಗೆ ಹೇಳದೆ ಮಣಿಗಳನ್ನ ವಾಪಸ್ ಪೆಟ್ಟಿಗೆಯಲ್ಲಿಟ್ಟೆ.

ಯಾಕೆ ಹೀಗಾಯ್ತು? ನಾನು ಬಿ.ಕಾಂ. ಓದಿದವನು, ಕೆಮಿಸ್ಟ್ರಿ ನನ್ನ ಸಬ್ಜೆಕ್ಟ್ ಅಲ್ಲ. ಆದ್ರೆ ಇಷ್ಟು ಅರ್ಥ ಆಗಿದೆ: ಅಂಬರ್ ಕಲ್ಲೇ ಅಲ್ಲ, ಮರದ ಅಂಟು. ಕೋಟ್ಯಂತರ ವರ್ಷ ಮಣ್ಣಲ್ಲಿ ಹೂತು ಗಟ್ಟಿಯಾದದ್ದು. ಯುರೋಪಿನ ಬಾಲ್ಟಿಕ್ ಕರಾವಳಿಯ ಅಂಬರ್‌ಗೆ ಸುಮಾರು 4 ಕೋಟಿ ವರ್ಷ. ನಮ್ಮ ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ ಸಿಕ್ಕಿದ್ದಕ್ಕೆ ಸುಮಾರು 5 ಕೋಟಿ. ಮಜಾ ಏನಂದ್ರೆ, ಆ ಗುಜರಾತಿನ ಅಂಟು ಸುರಿಸಿದ ಮರಗಳೂ ನಮ್ಮ ಪಶ್ಚಿಮಘಟ್ಟದ ಧೂಪದ ಮರವೂ ಒಂದೇ ಕುಟುಂಬ. ಟಿಬೆಟನ್ನರು ಅಂಬರ್‌ಗೆ ಇಟ್ಟಿರೋ ಹೆಸರಿನ ಅರ್ಥ ಕೂಡ ‘ಧೂಪದ ಸ್ಫಟಿಕ’. ಸಂಸ್ಕೃತದಲ್ಲಿ ‘ತೃಣಮಣಿ’. ಬಟ್ಟೆಗೆ ಉಜ್ಜಿದರೆ ಹುಲ್ಲಿನ ಚೂರನ್ನ ಎಳ್ಕೊಳ್ಳುತ್ತೆ, ಅದಕ್ಕೆ. ಗ್ರೀಕರು ಇದನ್ನ ‘ಎಲೆಕ್ಟ್ರಾನ್’ ಅಂದ್ರು, ನಿಮ್ಮ ಚಾರ್ಜರ್‌ನಲ್ಲಿ ಹರಿಯೋ ಎಲೆಕ್ಟ್ರಿಸಿಟಿಗೆ ಹೆಸರು ಬಂದಿದ್ದು ಅಲ್ಲಿಂದ. (ಪೊಲೀಸರು ಹಿಡೀತಾರಲ್ಲ, ತಿಮಿಂಗಿಲದ ಅಂಬರ್‌ಗ್ರೀಸ್, ಅದು ಬೇರೆ. ಅದರ ಮಾರಾಟ ಅಪರಾಧ. ಹೆಸರು ನೋಡಿ ಗಾಬರಿ ಬೀಳಬೇಡಿ.)

ಅಂಟು ಅಂದ್ಮೇಲೆ ಸ್ಪಿರಿಟ್ ಅದಕ್ಕೆ ಶತ್ರು. ಹಳೇ ಅಂಬರ್ ಸ್ವಲ್ಪ ತಡ್ಕೊಳ್ಳುತ್ತೆ, ಆದ್ರೆ ಹೊಳಪು ಹೋಗುತ್ತೆ. ಇನ್ನೂ ಪೂರ್ತಿ ಗಟ್ಟಿಯಾಗದ ಎಳೆ ಅಂಟಿಗೆ ಕೋಪಾಲ್ ಅಂತಾರೆ. ಅದು ಸ್ಪಿರಿಟ್ ತಾಗಿದರೆ ಮೆತ್ತಗಾಗಿ ಅಂಟುತ್ತೆ. ಅತ್ತೆಯ ಮೂರನೇ ಮಣಿ ಬಹುಶಃ ಅದೇ. ಹಾಗಾಗಿ ಸ್ಯಾನಿಟೈಸರ್, ನೇಲ್‌ಪಾಲಿಶ್ ರಿಮೂವರ್, ಪರ್ಫ್ಯೂಮ್, ಹೇರ್‌ಸ್ಪ್ರೇ ಯಾವುದೂ ಬೇಡ. ಮದುವೆಗೆ ಹೊರಡುವಾಗ ಸೆಂಟು ಹೊಡ್ಕೊಂಡು, ಅದು ಆರಿದ ಮೇಲೆ ಕೊನೆಗೆ ಸರ ಹಾಕ್ಕೊಳ್ಳಿ. ಮನೆಗೆ ಬಂದಾಗ ಮೊದಲು ಅದನ್ನೇ ಬಿಚ್ಚಿ.

ತೊಳೆಯೋದು ಸುಲಭ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಮೈಲ್ಡ್ ಸೋಪು, ಹಳೇ ಪಂಚೆಯ ಮೆತ್ತನೆ ತುಂಡು ಅದ್ದಿ ಹಿಂಡಿ ಒಂದೊಂದೇ ಮಣಿ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ನೆನೆಹಾಕಬೇಡಿ, ದಾರ ನೀರು ಕುಡಿದ್ರೆ ಒಳಗೇ ಕೊಳೆಯುತ್ತೆ. ಚಿನ್ನ-ಬೆಳ್ಳಿಗೆ ಹಾಕೋ ಹುಣಸೆಹಣ್ಣು, ಟೂತ್‌ಪೇಸ್ಟ್ ಇದಕ್ಕೆ ಬೇಡವೇ ಬೇಡ. ಮೋಸ್ ಮಾಪಕದಲ್ಲಿ ಅಂಬರ್ ಗಡಸುತನ ಬರೀ 2ರಿಂದ 2.5. ಬ್ರಶ್ ಉಜ್ಜಿದ್ರೂ ಗೀರು ಬೀಳುತ್ತೆ. ಆಭರಣದಂಗಡಿಯಲ್ಲಿ ಅಲ್ಟ್ರಾಸಾನಿಕ್ ಮೆಷಿನ್‌ಗೆ ಹಾಕ್ತೀವಿ ಅಂದ್ರೆ ಮುಲಾಜಿಲ್ಲದೆ ಬೇಡ ಅನ್ನಿ, ಬಿರುಕು ಬಿಡಬಹುದು. ಎಣ್ಣೆ ಸವರಿ ಅಂತ ಇನ್‌ಸ್ಟಾಗ್ರಾಮ್ ರೀಲ್ಸ್ ಹೇಳುತ್ವೆ. ಒಂದೇ ಹನಿ ಹಚ್ಚಿ ಪೂರ್ತಿ ಒರೆಸಿದ್ರೆ ತೊಂದರೆ ಇಲ್ಲ, ಹಚ್ಚದಿದ್ರೂ ನಷ್ಟ ಇಲ್ಲ.

ಬಿಸಿಯೂ ಆಗಲ್ಲ. ಹಬೆ, ಒಲೆ ಪಕ್ಕದ ಶೆಲ್ಫು, ಕಾರಿನ ಡ್ಯಾಶ್‌ಬೋರ್ಡ್, ಕಿಟಕಿ ಬಿಸಿಲು ಎಲ್ಲದರಿಂದ ದೂರ ಇಡಿ, ಬಣ್ಣ ಕಪ್ಪಾಗ್ತಾ ಹೋಗುತ್ತೆ. ಇದು ಅಂಬರ್ ಒಂದಕ್ಕೇ ಅಲ್ಲ. ಕೊಡವರ ಜೋಮಾಲೆಯ ಚಿನ್ನದ ಗುಂಡುಗಳ ಒಳಗೆ ಅರಗು ತುಂಬಿರುತ್ತೆ. ಅದೂ ಅಂಟೇ, ಅದಕ್ಕೂ ಕುದಿಯೋ ನೀರು ಆಗದು.

ಎತ್ತಿಡುವಾಗ ಬಳೆ, ಕಲ್ಲಿನ ಓಲೆ ಜೊತೆ ಗುಡ್ಡೆ ಹಾಕದೆ ಪ್ರತ್ಯೇಕ ಹತ್ತಿಬಟ್ಟೆಯ ಚೀಲದಲ್ಲಿಡಿ. ನಮ್ಮ ಕಡೆ ಮಳೆಗಾಲದಲ್ಲಿ ಮೊದಲು ಸೋಲೋದು ದಾರ. ಜೂನ್‌ಗೆ ಮುಂಚೆ ಒಮ್ಮೆ ನೋಡಿ, ಸವೆದಿದ್ರೆ ಮಣಿಮಣಿಗೂ ಗಂಟು ಹಾಕಿಸಿ ಪೋಣಿಸಿ. ಹರಿದ್ರೂ ಒಂದೇ ಉದುರುತ್ತೆ.

ಅಸಲಿಯೋ ಪ್ಲಾಸ್ಟಿಕ್ಕೋ ಅಂತ ಗೋಲ್ಡನ್ ಟೆಂಪಲ್ ನೋಡೋಕೆ ಹೋದವರು ಕೇಳ್ತಾನೇ ಇರ್ತೀರ. ಬಿಡಿ ಮಣಿಯಾದ್ರೆ, ಉಪ್ಪು ಇನ್ನು ಕರಗಲ್ಲ ಅನ್ನೋವರೆಗೂ ಬೆರೆಸಿದ ನೀರಿಗೆ ಹಾಕಿ. ಅಂಬರ್ ತೇಲುತ್ತೆ, ಬೇಕಲೈಟ್, ಗಾಜು ಮುಳುಗುತ್ತವೆ. ಕೋಪಾಲ್ ಕೂಡ ತೇಲುತ್ತೆ, ಕೆಲವು ಪ್ಲಾಸ್ಟಿಕ್ಕೂ ತೇಲುತ್ತೆ, ಹಾಗಾಗಿ ಇದನ್ನೇ ನಂಬಿ ಸಾವಿರಗಟ್ಟಲೆ ಕೊಡಬೇಡಿ. ಪರೀಕ್ಷೆ ಆದ್ಮೇಲೆ ಉಪ್ಪು ಹೋಗೋ ಹಾಗೆ ತೊಳೀರಿ.

ಈ ಎಪಿಸೋಡ್ ರೆಕಾರ್ಡ್ ಮಾಡೋ ಮುಂಚೆ ಅತ್ತೆಗೆ ವಿಷಯ ಹೇಳಿದೆ. ಮಂಕಾದ ಎರಡನ್ನ ಪಾಲಿಶ್ ಮಾಡಿಸಬಹುದು, ಮೂರನೆಯದರ ಗುರುತು ತೆಗೀಬೇಕಾದ್ರೆ ಮೇಲ್ಪದರವನ್ನೇ ಉಜ್ಜಬೇಕು ಅಂದೆ. ಅತ್ತೆ ಅದನ್ನ ಕೈಯಲ್ಲಿ ತಿರುಗಿಸಿ ನೋಡಿ, ‘ಉಜ್ಜೋದೇನೂ ಬೇಡ, ಅವಳು ಕೊಟ್ಟಿದ್ದು ಅಷ್ಟಾದ್ರೂ ಉಳೀಲಿ. ಇನ್ಮೇಲೆ ನನ್ನ ಪೆಟ್ಟಿಗೆ ಮುಟ್ಟೋ ಮುಂಚೆ ಕೇಳು ಕಣೋ’ ಅಂದ್ರು. ಮೂರೂ ಈಗ ಬೇರೆ ಬೇರೆ ಬಟ್ಟೆಚೀಲದಲ್ಲಿವೆ, ಚೀಲ ಹೊಲಿದಿದ್ದು ನಾನೇ.