ಮೊಲದ ಊಟ ಹುಲ್ಲು, ಕ್ಯಾರೆಟ್ ಬರೀ ಉಪ್ಪಿನಕಾಯಿ

ನಮ್ಮ ಮೊಲ ಚುಕ್ಕಿಯನ್ನು ಮನೆಗೆ ತಂದ ದಿನ ಅಂಗಡಿಯವರು ಹೇಳಿಕೊಟ್ಟದ್ದು ಎರಡೇ ಮಾತು. ‘ದಿನಾ ಎರಡು ಕ್ಯಾರೆಟ್ ಹಾಕಿ ಮೇಡಂ, ಸಾಕು. ನೀರು ಮಾತ್ರ ಇಡಬೇಡಿ, ಸತ್ತೋಗುತ್ತೆ.’ ಮನಸ್ಸು ಒಪ್ಪದೆ ನೀರು ಇಟ್ಟೆವು. ಕ್ಯಾರೆಟ್ಟಿನ ಮಾತನ್ನು ಮಾತ್ರ ಚಾಚೂ ತಪ್ಪದೆ ನಡೆಸಿದೆವು. ಅದರ ಮೇಲೆ ಮಗಳು ಕೊಡುವ ಬಿಸ್ಕತ್ತಿನ ಚೂರು, ಅತ್ತೆಯವರು ಪೂಜೆ ಮುಗಿಸಿ ಕೊಡುವ ಬಾಳೆಹಣ್ಣು. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅದು ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು, ಹಲ್ಲು ಕಟಕಟ ಕಡಿಯುತ್ತಾ ಕೂತಿತ್ತು. ಬಾಳೆಹಣ್ಣು ಮೂಗಿನ ಹತ್ತಿರ ಹಿಡಿದರೂ ಮುಖ ತಿರುಗಿಸಿತು. ರಾತ್ರಿಯಿಂದ ಗೂಡಿನಲ್ಲಿ ಒಂದು ಹಿಕ್ಕೆಯೂ ಬಿದ್ದಿರಲಿಲ್ಲ.

ಪಶುವೈದ್ಯರು ಹೊಟ್ಟೆ ಮುಟ್ಟಿ ನೋಡುತ್ತಲೇ ಕೇಳಿದರು: ‘ಹುಲ್ಲು ಎಷ್ಟು ತಿನ್ನುತ್ತೆ ಅಮ್ಮಾ?’ ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ಎಂಟು ತಿಂಗಳಲ್ಲಿ ಒಂದು ದಿನವೂ ಅದಕ್ಕೆ ಹುಲ್ಲು ಹಾಕಿರಲಿಲ್ಲ.

ಚುಕ್ಕಿ ಬದುಕಿತು. ಎಲ್ಲರ ಮೊಲಕ್ಕೂ ಆ ಪುಣ್ಯ ಇರುವುದಿಲ್ಲ. ಅಂದಿನಿಂದ ಮೊಲ ಸಾಕಿದವರ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅದರ ತಟ್ಟೆಯ ಮೇಲೆ. ನಾವು ಮಾಡಿದ ತಪ್ಪುಗಳೇ ಅಲ್ಲಿಯೂ ಕಾಣುತ್ತವೆ, ಅಷ್ಟೇ ಪ್ರೀತಿಯಿಂದ ಮಾಡಿದವು.

ನಂಬಿಕೆ: ಮೊಲದ ಸಹಜ ಆಹಾರ ಕ್ಯಾರೆಟ್

ಈ ನಂಬಿಕೆ ಹೊಲದಲ್ಲಿ ಹುಟ್ಟಿದ್ದಲ್ಲ, ಸಿನಿಮಾ ಪರದೆಯಿಂದ ಬಂದದ್ದು. 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದಲ್ಲಿ ನಟ ಕ್ಲಾರ್ಕ್ ಗೇಬಲ್ ಕ್ಯಾರೆಟ್ ಕಡಿಯುತ್ತಾ ಪಟಪಟ ಮಾತಾಡುವ ದೃಶ್ಯವೊಂದಿದೆ. 1940ರಲ್ಲಿ ‘ಎ ವೈಲ್ಡ್ ಹೇರ್’ ಕಾರ್ಟೂನಿನಲ್ಲಿ ಬಗ್ಸ್ ಬನ್ನಿ ಅದೇ ಧಾಟಿಯಲ್ಲಿ ಕ್ಯಾರೆಟ್ ಹಿಡಿದು ನಿಂತಿತು. ಆಗಿನ ಪ್ರೇಕ್ಷಕರಿಗೆ ಅದು ಆ ನಟನ ಅಣಕವೆಂದು ಗೊತ್ತಿತ್ತು. ಸಿನಿಮಾ ಮರೆತುಹೋಯಿತು, ಕ್ಯಾರೆಟ್ ಉಳಿಯಿತು, ಊರೂರಿನ ಅಂಕಲಿಪಿಯ ಚಿತ್ರಗಳಿಗೂ ಬಂತು.

ನಾವು ಮನೆಯಲ್ಲಿ ಸಾಕುವ ಮೊಲದ ಮೂಲ ಸ್ಪೇನ್, ಪೋರ್ಚುಗಲ್‌ಗಳ ಹುಲ್ಲುಗಾವಲು. ನಮ್ಮ ಹೊಲದ ಬದುವಿನಿಂದ ಚಂಗನೆ ಹಾರಿ ಓಡುವ ಕಾಡುಮೊಲ ಬೇರೆಯದೇ ಪ್ರಾಣಿ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಎರಡಕ್ಕೂ ಕನ್ನಡದಲ್ಲಿ ಒಂದೇ ಹೆಸರು, ಎರಡರ ಹೊಟ್ಟೆಯೂ ಕೇಳುವುದು ಹುಲ್ಲು ಸೊಪ್ಪುಗಳನ್ನೇ. ನೂರು ಗ್ರಾಂ ಕ್ಯಾರೆಟ್ಟಿನಲ್ಲಿ ಐದು ಗ್ರಾಂನಷ್ಟು ಸಕ್ಕರೆ ಇರುತ್ತದೆ. ನಮಗದು ತರಕಾರಿ, ಮೊಲಕ್ಕೆ ಮಿಠಾಯಿ. ಮಾರುಕಟ್ಟೆಯಲ್ಲಿ ತಿರುಚಿ ಬಿಸಾಡುವ ಕ್ಯಾರೆಟ್ ಸೊಪ್ಪೇ ಅದಕ್ಕೆ ಗೆಡ್ಡೆಗಿಂತ ಒಳ್ಳೆಯದು. ಕೇಳಿದರೆ ತರಕಾರಿಯವರು ದುಡ್ಡಿಲ್ಲದೆ ಕೊಡುತ್ತಾರೆ.

ನಂಬಿಕೆ: ಹಣ್ಣು ತಾನೇ, ಎಷ್ಟು ಕೊಟ್ಟರೂ ಒಳ್ಳೆಯದೇ

ಎರಡು ಕಿಲೋ ತೂಗುವ ಮೊಲ ನೂರು ಗ್ರಾಂನ ಒಂದು ಬಾಳೆಹಣ್ಣು ತಿಂದರೆ, ತೂಕದ ಲೆಕ್ಕದಲ್ಲಿ ಅದು ಅರವತ್ತು ಕಿಲೋ ತೂಗುವ ನಾನು ಒಂದೇ ಸಲಕ್ಕೆ ಮೂರು ಕಿಲೋ ಬಾಳೆಹಣ್ಣು ತಿಂದ ಹಾಗೆ. ಈ ಲೆಕ್ಕ ಹೇಳಿದ ಮೇಲೆಯೇ ಅತ್ತೆಯವರು ಪ್ರಸಾದ ನಿಲ್ಲಿಸಿದ್ದು.

ಅಪಾಯ ಇರುವುದು ತೂಕ ಏರುವುದರಲ್ಲಿ ಮಾತ್ರವಲ್ಲ. ಮೊಲದ ಸಣ್ಣ ಕರುಳು ಮುಗಿಯುವ ಕಡೆ ಅಂಧಾಂತ್ರ ಎಂಬ ದೊಡ್ಡ ಚೀಲವಿದೆ, ಜಠರಕ್ಕಿಂತ ಎಷ್ಟೋ ದೊಡ್ಡದು. ಹಸುವಿಗೆ ಮೆಲುಕು ಚೀಲ ಇದ್ದಂತೆ ಮೊಲಕ್ಕೆ ಇದು. ಅದರೊಳಗೆ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಪೋಷಕಾಂಶ ಮಾಡಿಕೊಡುತ್ತವೆ. ಅಲ್ಲಿಗೆ ಸಕ್ಕರೆ, ಅನ್ನ, ಚಪಾತಿ, ನೆನೆಸಿದ ಕಡಲೆಯ ಪಿಷ್ಟ ಹೆಚ್ಚಾಗಿ ಇಳಿದರೆ ಒಳ್ಳೆಯ ಜೀವಿಗಳು ಹಿಂದೆ ಸರಿದು ವಿಷ ಉಗುಳುವಂಥವು ಬೆಳೆಯುತ್ತವೆ, ವಾಯು ತುಂಬುತ್ತದೆ. ಜೊತೆಗೆ, ಕರುಳನ್ನು ಮುಂದೆ ಮುಂದೆ ತಳ್ಳುವ ಒರಟು ನಾರೂ ಇಲ್ಲದಿದ್ದರೆ ಅದರ ಚಲನೆಯೇ ನಿಂತುಹೋಗುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದೆಯೇ ಸಾಗಬೇಕು. ಅದಕ್ಕೇ ಮೊಲ ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ ಕೂತರೆ ‘ನಾಳೆ ನೋಡೋಣ’ ಅನ್ನಬಾರದು. ರಾತ್ರಿಯಾದರೂ ಸರಿ, ವೈದ್ಯರಲ್ಲಿಗೆ ಓಡಬೇಕು.

ಹಾಗಾದರೆ ಹಣ್ಣು ಬೇಡವೇ ಬೇಡವೆ? ಎಲೆಯ ತುದಿಯಲ್ಲಿ ಉಪ್ಪಿನಕಾಯಿ ಬಡಿಸುವಷ್ಟು ಬೇಕಾದರೆ ಕೊಡಿ. ಎರಡು ಕಿಲೋ ಮೊಲಕ್ಕೆ ಒಂದೆರಡು ಚಹಾ ಚಮಚದಷ್ಟು ಸೇಬು, ಪಪಾಯ ಅಥವಾ ಬಾಳೆಹಣ್ಣು, ವಾರಕ್ಕೆ ಎರಡು ಸಲ. ಸೇಬಿನ ಬೀಜ ತೆಗೆದಿರಬೇಕು. ಬಿಸ್ಕತ್ತು, ಬ್ರೆಡ್ಡು, ಚಾಕೊಲೇಟು, ಹಾಲು ಉಪ್ಪಿನಕಾಯಿಯ ಲೆಕ್ಕಕ್ಕೂ ಬರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು ಅದಕ್ಕೆ ವಿಷ.

ನಂಬಿಕೆ: ಹಲ್ಲು ಸವೆಯಲು ಗಟ್ಟಿ ಪದಾರ್ಥ ಬೇಕು

ಮೊಲಕ್ಕೆ 28 ಹಲ್ಲು, ಅಷ್ಟೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲು ವಾರಕ್ಕೆ ಎರಡು ಮೂರು ಮಿಲಿಮೀಟರ್ ಬೆಳೆಯುತ್ತದೆ. ಇದು ನಿಜವಾದ್ದರಿಂದಲೇ ಜನ ಒಣ ಚಪಾತಿ, ಗಟ್ಟಿ ಕಡಲೆ, ಮರದ ತುಂಡು ಹಾಕುತ್ತಾರೆ. ಆದರೆ ನಮ್ಮ ಕಣ್ಣಿಗೆ ಬೀಳದ ದವಡೆ ಹಲ್ಲುಗಳು ಸವೆಯುವುದು ಕಡಿಯುವುದರಿಂದಲ್ಲ, ಅರೆಯುವುದರಿಂದ. ಚುಕ್ಕಿ ಹುಲ್ಲು ತಿನ್ನುವುದನ್ನು ಹತ್ತಿರ ಕೂತು ನೋಡಿದ್ದೇನೆ. ಒಂದು ಎಸಳನ್ನು ಕಡ್ಡಿ ಹಿಡಿದಂತೆ ಬಾಯಿಗೆಳೆದುಕೊಂಡು, ಕೆಳದವಡೆಯನ್ನು ಬೀಸುವ ಕಲ್ಲಿನ ಹಾಗೆ ಅಡ್ಡಡ್ಡ ತಿರುಗಿಸುತ್ತದೆ, ನಿಮಿಷಕ್ಕೆ ನೂರು ಸಲಕ್ಕೂ ಹೆಚ್ಚು. ಹುಲ್ಲಿನಲ್ಲಿರುವ ಸಿಲಿಕಾ ಎಂಬ ಮರಳಿನಂಥ ಅಂಶ ಹಲ್ಲನ್ನು ತೇಯುತ್ತದೆ. ಗಟ್ಟಿ ಕಾಳನ್ನಾದರೆ ಅದು ಮೇಲಿಂದ ಕೆಳಕ್ಕೆ ಎರಡೇ ಸಲ ಜಜ್ಜಿ ನುಂಗಿಬಿಡುತ್ತದೆ. ತೇಯದೆ ಉಳಿದ ದವಡೆ ಹಲ್ಲು ಮುಳ್ಳಿನಂತೆ ಬೆಳೆದು ನಾಲಿಗೆಗೆ, ಕೆನ್ನೆಗೆ ಚುಚ್ಚುತ್ತದೆ. ಆಗ ಮೊಲ ಹಸಿದಿದ್ದರೂ ತಿನ್ನಲಾರದು.

ನಂಬಿಕೆ: ತನಗೆ ಬೇಕಾದ್ದನ್ನು ಪ್ರಾಣಿ ತಾನೇ ಆರಿಸಿ ತಿನ್ನುತ್ತದೆ

ಎಡಿನ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು 32 ಮೊಲಗಳನ್ನು ನಾಲ್ಕು ಗುಂಪು ಮಾಡಿ 17 ತಿಂಗಳು ಬೇರೆ ಬೇರೆ ಆಹಾರ ಕೊಟ್ಟು ನೋಡಿದ್ದಾರೆ. ಬಣ್ಣಬಣ್ಣದ ಕಾಳು, ಚೂರು ಬೆರೆಸಿದ ಮ್ಯೂಸ್ಲಿ ಕೊಟ್ಟಾಗ ಮೊಲಗಳು ತಮಗೆ ರುಚಿಸಿದ್ದನ್ನು ಹೆಕ್ಕಿ ತಿಂದು ಉಳಿದದ್ದು ಬಿಟ್ಟವು. ಪಕ್ಕದಲ್ಲೇ ಹುಲ್ಲಿದ್ದರೂ ಅದನ್ನು ಕಡಿಮೆ ತಿಂದವು. ಹುಲ್ಲಿಲ್ಲದೆ ಮ್ಯೂಸ್ಲಿ ಒಂದನ್ನೇ ತಿಂದ ಗುಂಪು ಬೊಜ್ಜು ಬೆಳೆಸಿಕೊಂಡಿತು. ಬಯಲಲ್ಲಿ ಬದುಕುವ ಪ್ರಾಣಿಗೆ ಸಿಹಿ ಸಿಗುವುದೇ ಅಪರೂಪ, ಸಿಕ್ಕಾಗ ಬಿಡಬಾರದೆಂದು ಅದರ ನಾಲಿಗೆಗೆ ಗೊತ್ತು. ಸಾಕೆನ್ನುವುದು ಗೊತ್ತಿಲ್ಲ.

ಅಂಗಡಿಯಲ್ಲಿ ಚೀಲ ಬಿಚ್ಚಿ ತೂಗಿ ಮಾರುವ ಪೆಲೆಟ್ ಎಂಬ ಗುಳಿಗೆಯಂಥ ತಿಂಡಿಯ ಬಗ್ಗೆಯೂ ಒಂದು ಮಾತು. ಮಾಂಸಕ್ಕೆ ಸಾಕುವ ಮೊಲವನ್ನು ಮೂರು ತಿಂಗಳಲ್ಲಿ ಎರಡು ಕಿಲೋ ಮಾಡಿ ಮಾರುತ್ತಾರೆ. ಬೇಗ ಮೈ ಬರಿಸುವ ಆ ತಿಂಡಿ ಅವರ ಕೆಲಸಕ್ಕೆ ಸರಿ. ನಮ್ಮ ಮಕ್ಕಳ ಜೊತೆ ಎಂಟು ಹತ್ತು ವರ್ಷ ಬಾಳಬೇಕಾದ ಮೊಲಕ್ಕೆ ಅದೇ ಅಳತೆ ಹೊಂದುವುದಿಲ್ಲ. ‘ಮೊಲದ ಆಯಸ್ಸು ಎರಡೇ ವರ್ಷ’ ಎಂದು ಜನ ನಂಬಿರುವುದಕ್ಕೆ ಮುಖ್ಯ ಕಾರಣ ಈ ತಟ್ಟೆಯೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಕಿಲೋ ತೂಗುವ ದೊಡ್ಡ ಮೊಲಕ್ಕೆ ದಿನಕ್ಕೆ ಕಾಲು ಕಪ್ ಪೆಲೆಟ್ ಧಾರಾಳವಾಯಿತು.

ನಂಬಿಕೆ: ಯಾವ ಹುಲ್ಲಾದರೂ ಹುಲ್ಲೇ

ಕನ್ನಡದಲ್ಲಿ ಒಣಹುಲ್ಲು ಅಂದರೆ ನಮಗೆ ನೆನಪಾಗುವುದು ಭತ್ತದ ಹುಲ್ಲು, ರಾಗಿ ಹುಲ್ಲು. ತೆನೆ ಕೊಯ್ದ ಮೇಲೆ ಉಳಿಯುವ ಆ ಕಡ್ಡಿಯಲ್ಲಿ ಸತ್ವ ಕಡಿಮೆ. ಗೂಡಿಗೆ ಹಾಸಲು ಚೆನ್ನ, ದಿನದ ಊಟಕ್ಕೆ ಸಾಲದು. ಮೊಲಕ್ಕೆ ಬೇಕಾದದ್ದು ಹಸಿರಿರುವಾಗಲೇ ಕೊಯ್ದು ಒಣಗಿಸಿದ ಹುಲ್ಲು. ಹೊರದೇಶದಿಂದ ಬರುವ ಟಿಮೋತಿ ಹುಲ್ಲು ದುಬಾರಿ. ರೋಡ್ಸ್ ಹುಲ್ಲು, ನಮ್ಮ ಗಣಪನ ಗರಿಕೆ ಆದೀತು. ಪೂಜೆಗೆಂದು ಕಟ್ಟು ಕಟ್ಟಿ ಮಾರುವ ಗರಿಕೆಯನ್ನು ಮೂರು ನೀರಲ್ಲಿ ತೊಳೆದು ನೆರಳಲ್ಲಿ ಹರಡಿದರೆ ಚುಕ್ಕಿಗೆ ಹಬ್ಬ. ದಿನಕ್ಕೆ ಎಷ್ಟು ಎಂದರೆ ಮೊಲದ ಮೈಯಷ್ಟು ದೊಡ್ಡ ರಾಶಿ, ಮುಗಿದರೆ ಮತ್ತೆ.

ಕುದುರೆಮಸಾಲೆ ಸೊಪ್ಪು ನೋಡಲು ಹಾಗೇ ಇದ್ದರೂ ಹುಲ್ಲಿನ ಜಾತಿಯಲ್ಲ, ದ್ವಿದಳದ್ದು. ಆರೇಳು ತಿಂಗಳ ಒಳಗಿನ ಮರಿಗೆ ಸರಿ. ಬೆಳೆದ ಮೊಲಕ್ಕೆ ಅದರ ಸುಣ್ಣದಂಶ ಭಾರ. ಬೇರೆ ಹೆಚ್ಚಿನ ಪ್ರಾಣಿಗಳು ಬೇಕಾದಷ್ಟೇ ಕ್ಯಾಲ್ಸಿಯಂ ಹೀರಿಕೊಳ್ಳುತ್ತವೆ. ಮೊಲ ತಿಂದದ್ದರಲ್ಲಿ ಬಹುಪಾಲು ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಬಿಡುತ್ತದೆ. ಮೂತ್ರ ಸುಣ್ಣದ ಗಸಿಯಂತೆ ಮಂದವಾದರೆ ಎಚ್ಚರ ಬೇಕು.

ಸೊಪ್ಪಿನ ವಿಷಯದಲ್ಲಿ ಅಷ್ಟು ಹೆದರಿಕೆ ಬೇಡ. ‘ಒದ್ದೆ ಸೊಪ್ಪು ತಿಂದರೆ ಭೇದಿ’ ಎನ್ನುತ್ತಾರೆ, ಕೆಡುಕು ನೀರಿನದಲ್ಲ. ಕೊಳೆತ ಸೊಪ್ಪು, ರೂಢಿಯಿಲ್ಲದ ಸೊಪ್ಪನ್ನು ಒಮ್ಮೆಲೇ ರಾಶಿ ಹಾಕುವುದು, ಇವೇ ಕಾರಣ. ಕೊತ್ತಂಬರಿ, ಪುದೀನ, ಸಬ್ಬಸಿಗೆ, ಮೂಲಂಗಿ ಸೊಪ್ಪುಗಳನ್ನು ತೊಳೆದು ಬದಲಿಸುತ್ತಾ ಕೊಡಿ. ಪಾಲಕ್, ದಂಟು ಅಪರೂಪಕ್ಕಿರಲಿ. ನೀರು ಕೊಂದೀತೆಂಬುದಂತೂ ಪ್ರಾಣ ತೆಗೆಯುವ ಸುಳ್ಳು. ಒಣಹುಲ್ಲು ತಿನ್ನುವ ಮೊಲ ದಿನಕ್ಕೆ ಕಿಲೋ ತೂಕಕ್ಕೆ 50ರಿಂದ 150 ಮಿಲಿಲೀಟರ್ ನೀರು ಕುಡಿಯುತ್ತದೆ. ಭಾರದ ಬೋಗುಣಿಯಲ್ಲಿಟ್ಟರೆ ಚೆಲ್ಲದು.

ನಂಬಿಕೆ: ಕ್ಯಾರೆಟ್ ರೂಢಿಯಾದ ಮೊಲ ಹುಲ್ಲು ಮುಟ್ಟುವುದಿಲ್ಲ

ಮುಟ್ಟುತ್ತದೆ, ತಡವಾಗಿ. ಉಪವಾಸ ಕೆಡವಿ ಕಲಿಸಲು ಮಾತ್ರ ಹೋಗಬೇಡಿ. ದಪ್ಪ ಮೊಲ ಹಸಿದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಜೀವಕ್ಕೇ ಕುತ್ತು. ನಾವು ಎರಡು ಮೂರು ದಿನಕ್ಕೊಮ್ಮೆ ಕ್ಯಾರೆಟ್ಟಿನ ಒಂದೊಂದು ಬಿಲ್ಲೆ ಕಡಿಮೆ ಮಾಡಿದೆವು. ಕೊತ್ತಂಬರಿಯನ್ನು ಸಣ್ಣಗೆ ಹರಿದು ಹುಲ್ಲಿನೊಳಗೆ ಬಚ್ಚಿಟ್ಟೆವು. ಚುಕ್ಕಿ ಮೂತಿ ತೂರಿಸಿ ಕೊತ್ತಂಬರಿ ಹುಡುಕುವಾಗ ಒಂದೆರಡು ಎಸಳು ಹುಲ್ಲೂ ಬಾಯಿಗೆ ಹೋಗುತ್ತಿತ್ತು. ಮಗಳು ದಿನಾ ಬೆಳಿಗ್ಗೆ ಗೂಡು ಗುಡಿಸಿ ಹಿಕ್ಕೆ ನೋಡುತ್ತಿದ್ದಳು. ಮೊದಲು ಮೆಣಸಿನ ಕಾಳಿನಷ್ಟು, ಕರಿದು, ಗಟ್ಟಿ. ನಾಲ್ಕನೇ ವಾರ ನನ್ನನ್ನು ಕೂಗಿ ಕರೆದು ಅಂಗೈ ಚಾಚಿದಳು. ಕಡಲೆಕಾಳಿನ ಗಾತ್ರದ ಕಂದು ಉಂಡೆ, ಬೆರಳಲ್ಲಿ ಒತ್ತಿದರೆ ಹುಡಿಯಾಗಿ, ಒಳಗೆಲ್ಲ ಹುಲ್ಲಿನ ಎಳೆ.