ಸಣ್ಣ ಸಭೆ, ಸಣ್ಣ ಶಾಲೆ: ಆರಾಧನೆಯ ತಯಾರಿ

ಬೋಧನಾಭ್ಯಾಸಕ್ಕೆಂದು ಕೊಳಾರ, ಭಾಲ್ಕಿ, ಔರಾದ ಕಡೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಕೆಲವರಿಗೆ ಪಾಠದ ಜೊತೆ ಇನ್ನೊಂದು ಹೊಣೆಯೂ ಬರುತ್ತದೆ. ಕ್ರೈಸ್ತ ಆಡಳಿತದ ಶಾಲೆಯಾದರೆ ಬೆಳಗಿನ ಪ್ರಾರ್ಥನೆ ನಡೆಸಲು ಹೇಳುತ್ತಾರೆ. ಸ್ವತಃ ಕ್ರೈಸ್ತರಾಗಿದ್ದರೆ, ಪಾಸ್ಟರ್ ಬೇರೆ ಹಳ್ಳಿಗೆ ಹೋದ ಭಾನುವಾರ ಊರಿನ ಸಭೆಯ ಆರಾಧನೆಯೂ ಅವರ ಪಾಲಿಗೆ ಬೀಳುತ್ತದೆ. ಪಾಠಯೋಜನೆ ಬರೆದು ಅಭ್ಯಾಸವಿರುವವರಿಗೆ ಇದು ಕಷ್ಟದ ಕೆಲಸವಲ್ಲ. ಆದರೆ ಪಾಠಯೋಜನೆಯನ್ನೇ ಎತ್ತಿಕೊಂಡು ಹೋದರೆ ಕೆಡುತ್ತದೆ. ನಾನು ಕೆಡಿಸಿದ್ದೇನೆ.

ಮೊದಲ ಸಲ ಒಂದು ಹಳ್ಳಿಯ ಸಭೆಯಲ್ಲಿ ಆರಾಧನೆ ನಡೆಸಿದಾಗ ಪುಸ್ತಕದಿಂದ ಐದು ಹಾಡು ಆರಿಸಿಕೊಂಡಿದ್ದೆ. ಐದೂ ಅರ್ಥವತ್ತಾದ ಹಾಡುಗಳೇ. ಹಾರ್ಮೋನಿಯಂ ನುಡಿಸುವವರು ಅಂದು ಬರಲಿಲ್ಲ. ನಾನು ಎತ್ತಿದ ಶ್ರುತಿ ಯಾರ ಗಂಟಲಿಗೂ ಹೊಂದಲಿಲ್ಲ. ಮೂರನೆಯ ಹಾಡಿಗೆ ಬರುವಷ್ಟರಲ್ಲಿ ಹಾಡುತ್ತಿದ್ದವನು ನಾನೊಬ್ಬನೇ. ತೊಗರಿ ಕೊಯ್ಲಿನಿಂದ ದಣಿದು ಬಂದು ಕೂತಿದ್ದ ಒಬ್ಬ ಅಜ್ಜಿ ಕೊನೆಗೆ, "ಸರ್, ನಮಗ ಬರೂದು ಒಂದರ ಹಾಡ್ರಿ" ಎಂದರು. ಅಂದಿನಿಂದ ನಾನು ಹೊಸ ಹಾಡು ಒಂದಕ್ಕಿಂತ ಹೆಚ್ಚು ಇಟ್ಟಿಲ್ಲ. ಅದನ್ನೂ ಆರಾಧನೆಗೆ ಮೊದಲೇ ಎರಡು ಸಲ ಹೇಳಿಕೊಡುತ್ತೇನೆ.

ಆದ್ದರಿಂದ ತಯಾರಿ ಶುರುವಾಗಬೇಕಾದದ್ದು ಹಾಡಿನಿಂದಲ್ಲ, ಬರುವ ಜನರಿಂದ. ಎಷ್ಟು ಜನ ಬರುತ್ತಾರೆ, ಓದು ಬಲ್ಲವರು ಎಷ್ಟು, ಮಕ್ಕಳು ಎಷ್ಟು? ಔರಾದ ಕಡೆ ಗಡಿಯ ಊರುಗಳಲ್ಲಿ ಮರಾಠಿ ಮನೆಮಾತಾಗಿರುವವರು ಇರುತ್ತಾರೆ, ತೆಲಂಗಾಣದ ಬದಿಯಲ್ಲಿ ತೆಲುಗು. ಓದು ಕನ್ನಡದಲ್ಲಿರಲಿ, ಒಂದು ಭಜನೆ ಅವರ ಮಾತಿನಲ್ಲಿರಲಿ; ಮೂಲೆಯಲ್ಲಿ ಸುಮ್ಮನೆ ಕೂತವರು ತಾಳ ಹಿಡಿಯುತ್ತಾರೆ. ಓದು ಬಾರದವರಿಗೆ 136ನೆಯ ಕೀರ್ತನೆ ಬಹಳ ಒಳ್ಳೆಯದು. ಅದರ 26 ವಚನಗಳಲ್ಲೂ ಒಂದೇ ಪಲ್ಲವಿ ಮರಳಿ ಬರುತ್ತದೆ. ನಡೆಸುವವರು ಮೊದಲರ್ಧ ಓದಿದರೆ ಸಭೆಯವರು ಪಲ್ಲವಿಯಿಂದ ಉತ್ತರ ಕೊಡುತ್ತಾರೆ, ಪುಸ್ತಕವೇ ಬೇಡ. ಚಿಕ್ಕ ಮಕ್ಕಳಿಗೆ ಬಾಯಿಪಾಠ ಮಾಡಿಸಲು 117ನೆಯ ಕೀರ್ತನೆ ಸಾಕು, ಅದರಲ್ಲಿ ಇರುವುದೇ ಎರಡು ವಚನ.

ಪ್ರಸಂಗದ ಬದಲು ಕಥೆ ಹೇಳುವುದಾದರೆ ಪೂರ್ವಜ್ಞಾನದ ಪ್ರಶ್ನೆ ಬರುತ್ತದೆ, ನಮ್ಮ ತರಬೇತಿ ನಿಜವಾಗಿ ಉಪಯೋಗಕ್ಕೆ ಬರುವುದು ಅಲ್ಲೇ. ಬಿತ್ತುವವನ ಸಾಮ್ಯವನ್ನು ನೋಡಿ (ಮತ್ತಾಯ 13, ಮಾರ್ಕ 4, ಲೂಕ 8). ನಮ್ಮ ಮಕ್ಕಳು ಕಂಡಿರುವುದು ಕೂರಿಗೆಯ ಬಿತ್ತನೆ, ಬೀಜ ಸಾಲಿನಲ್ಲಿ ಬೀಳುತ್ತದೆ. "ಅವ ದಾರಿ ಮ್ಯಾಲ ಯಾಕ ಬಿತ್ತಿದ, ಹುಚ್ಚೇನು?" ಎಂದು ಒಬ್ಬ ಹುಡುಗ ಕೇಳಿದ್ದ. ನ್ಯಾಯವಾದ ಪ್ರಶ್ನೆ. ಆ ಕಥೆಯ ರೈತ ಬೀಜವನ್ನು ಕೈಯಿಂದ ಎರಚುತ್ತಿದ್ದಾನೆ ಎಂದು ಮೊದಲು ಹೇಳಬೇಕು, ಬೇಕಾದರೆ ಒಂದು ಹಿಡಿ ಜೋಳ ಎರಚಿ ತೋರಿಸಬೇಕು. ಬಂಡೆಯ ಮೇಲಿನ ತೆಳು ಮಣ್ಣು ಯಾವುದು ಎನ್ನಲು ಬೀದರ ಸುತ್ತಲಿನ ಜಂಬಿಟ್ಟಿಗೆ ನೆಲವಿದೆ, ಒಳ್ಳೆಯ ನೆಲಕ್ಕೆ ಭಾಲ್ಕಿಯ ಕಡೆಯ ಎರೆಮಣ್ಣಿದೆ. ಹತ್ತು ನಿಮಿಷಕ್ಕೆ ಇಷ್ಟು ಸಾಕು. ನಾಲ್ಕು ನೆಲಗಳಿಗೆ ನಾಲ್ಕು ನೀತಿ ಹುಡುಕಲು ಹೋಗಬೇಡಿ.

ಶಾಲೆಯ ವಿಷಯ ಬೇರೆ. ಅಲ್ಲಿ ನಿಮ್ಮ ಎದುರು ನಿಂತ ಮಕ್ಕಳಲ್ಲಿ ಲಿಂಗಾಯತರು, ಮುಸ್ಲಿಮರು, ಬೌದ್ಧರು, ಎಲ್ಲರೂ ಇರುತ್ತಾರೆ. ಸಂವಿಧಾನದ 28ನೆಯ ಅನುಚ್ಛೇದ ಸ್ಪಷ್ಟವಾಗಿದೆ: ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಆರಾಧನೆಗೆ ಕೂರಿಸುವಂತಿಲ್ಲ. ರಾಷ್ಟ್ರಗೀತೆ ನಡೆಯುವಾಗ ಎದ್ದು ನಿಂತು, ಧರ್ಮದ ಕಾರಣಕ್ಕೆ ಹಾಡದೆ ಇದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು. ರಾಷ್ಟ್ರಗೀತೆಯಲ್ಲೇ ಹೀಗಿರುವಾಗ, ಪ್ರಾರ್ಥನೆಯ ಹೊತ್ತಿನಲ್ಲಿ ತುಟಿ ಅಲುಗದ ಮಗುವನ್ನು ಗದರಿಸುವ ಹಕ್ಕು ನಮಗೆಲ್ಲಿಂದ ಬಂತು? ಕಾನೂನಿನ ಮಾತು ಹಾಗಿರಲಿ. ಮನೆಯಲ್ಲಿ ಒಂದು ದೇವರು, ಶಾಲೆಯಲ್ಲಿ ಇನ್ನೊಂದು ಎಂದು ಒಳಗೊಳಗೇ ಹೆದರುವ ಮಗುವಿಗೆ ಆ ದಿನದ ಮೊದಲ ಪಾಠವೂ ತಲೆಗೆ ಹತ್ತುವುದಿಲ್ಲ. ಹೋದ ಮೊದಲ ದಿನವೇ ಮುಖ್ಯೋಪಾಧ್ಯಾಯರ ಬಳಿ, ಇಲ್ಲಿ ಯಾರಿಗೆ ಒಪ್ಪಿಗೆ ಇದೆ, ಉಳಿದ ಮಕ್ಕಳು ಆ ಹೊತ್ತು ಎಲ್ಲಿರುತ್ತಾರೆ ಎಂದು ಕೇಳಿ. ಎಲ್ಲರೂ ಸೇರುವ ಸಭೆಯಲ್ಲಿ ಮೌನ, ಸುದ್ದಿ, ಒಂದು ಬಸವಣ್ಣನ ವಚನ, ಒಂದು ಒಳ್ಳೆಯ ಕಥೆ ಇರಲಿ. ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ, ವಚನ ಹೊರಗಿನಿಂದ ತಂದದ್ದೆನಿಸುವುದಿಲ್ಲ. ಆರಾಧನೆ ಬಯಸುವವರಿಗೆ ಬೇರೆ ಕೋಣೆ, ಬೇರೆ ಹೊತ್ತು.

ಪಾಠಯೋಜನೆಯ ಕೊನೆಯ ಕಲಂ ಮೌಲ್ಯಮಾಪನ. ಅದನ್ನು ಇಲ್ಲಿ ಖಾಲಿ ಬಿಡಿ. ಯಾರು ಕಣ್ಣು ಮುಚ್ಚಿದರು, ಯಾರು ಮುಚ್ಚಲಿಲ್ಲ ಎಂದು ಬರೆದಿಡುವುದು ಪ್ರಾರ್ಥನೆಗೂ ಅವಮಾನ, ಮಗುವಿಗೂ. ಬರೆಯಬೇಕಾದದ್ದು ಬೇರೆ: ಯಾವ ಹಾಡು ಎಲ್ಲರಿಗೂ ಬಂತು, ಓದು ಹಿಂದಿನ ಸಾಲಿಗೆ ಕೇಳಿಸಿತೇ, ಎಷ್ಟು ನಿಮಿಷ ಹಿಡಿಯಿತು.

ಕಾಲದ ಲೆಕ್ಕವನ್ನೂ ಮರೆಯಬೇಡಿ. ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳು ಬರುವುದು ತೊಗರಿಯ ಹೊತ್ತಿಗೆ, ಎಳ್ಳಮಾವಾಸ್ಯೆಯ ಆಸುಪಾಸಿಗೆ. ಬೆಳಗಿನ ಆರಾಧನೆ ಇಟ್ಟರೆ ಹೊಲಕ್ಕೆ ಹೋದವರು ಬರಲಾರರು, ಸಂಜೆಗೆ ಇಡಿ. ಸುಗ್ಗಿಯ ಆರಾಧನೆಯಲ್ಲಿ ಜನ ತಂದ ಕಾಳು, ಕುಂಬಳಕಾಯಿ, ಕೋಳಿಗಳನ್ನು ಹರಾಜು ಹಾಕುವ ಪದ್ಧತಿ ಇದ್ದರೆ ಆಶೀರ್ವಾದ ಮುಗಿದ ಮೇಲೇ ಹರಾಜು ಶುರುವಾಗಲಿ. ನಡುವೆ ಇಟ್ಟರೆ ಕೋಳಿಯ ಕೂಗಿಗೆ ಮಕ್ಕಳ ನಗು ನಿಲ್ಲುವುದಿಲ್ಲ. ಮತ್ತೆ, ಸಂಜೆ ಕರೆಂಟು ಹೋಗಬಹುದು. ಓದುವ ಭಾಗವನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿ.